ಕೂರುವ ಬೆಳಕು, ನಡೆಯುವ ಬೆಳಕು

ಮಲೆನಾಡಿನಲ್ಲಿ ಕರೆಂಟು ಹೋಗುವುದರಲ್ಲಿ ಎರಡು ತರ ಇದೆ. ಗುಡುಗು ಕೇಳಿದ ಕೂಡಲೇ ಹೋಗಿ ಅರ್ಧ ಗಂಟೆಯಲ್ಲಿ ಬರುವುದು ಒಂದು. ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಪುನರ್ವಸು, ಪುಷ್ಯ ಮಳೆ ಹಿಡಿದು, ಗಾಳಿ ಎದ್ದು, ಕಾಡಿನ ನಡುವೆ ಎಲ್ಲೋ ಮರ ಲೈನಿನ ಮೇಲೆ ಬಿದ್ದು ಹೋಗುವುದು ಇನ್ನೊಂದು. ಒಂದು ಮರ ಬಿದ್ದರೆ ನಾಲ್ಕು ಕಂಬ ಎಳೆದುಕೊಂಡೇ ಬೀಳುತ್ತದೆ. ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಇರುವ ಜಾಗಕ್ಕೆ ಜೀಪೂ ಹೋಗುವುದಿಲ್ಲ. ಆ ಕರೆಂಟು ಯಾವಾಗ ಬರುತ್ತದೆ ಅಂತ ಯಾರನ್ನೂ ಕೇಳುವ ಹಾಗಿಲ್ಲ. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ಬಡಾವಣೆಗಳಿಗೇ ನೀರು ನುಗ್ಗಿತ್ತು. ತೀರ್ಥಹಳ್ಳಿಯಿಂದಾಚೆ, ತೋಟದ ಮಧ್ಯೆ ಇರುವ ನಮ್ಮಂಥ ಒಂಟಿ ಮನೆಗಳ ಪಾಡು ಕೇಳಬೇಕೇ?

ನಾನು ಹೇಳಹೊರಟಿರುವುದು ಆ ಎರಡನೇ ತರದ ಕತ್ತಲೆಯ ವಿಷಯ. ವಾರಗಟ್ಟಲೆ ಕರೆಂಟಿಲ್ಲದೆ ಮನೆ ನಡೆಸುವಾಗ ಯಾವ ಬೆಳಕು ಎಲ್ಲಿ ಇರಬೇಕು ಅನ್ನುವುದು. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಅರ್ಧ ಅತ್ತೆಯಿಂದ ಕಲಿತೆ. ಉಳಿದದ್ದನ್ನು ಮಳೆಗಾಲಗಳೇ ಕಲಿಸಿದವು.

ಇನ್ವರ್ಟರ್ ಇದೆಯಲ್ಲ ಅಂತ ಪೇಟೆಯ ನೆಂಟರು ಹೇಳುತ್ತಾರೆ. ಇದೆ. ಈಗ ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಇದೆ. ಆದರೆ ಅದರ ಲೆಕ್ಕ ಒಮ್ಮೆ ಹಾಕಿ ನೋಡಬೇಕು. 12 ವೋಲ್ಟಿನ, 150 ಆಂಪಿಯರ್ ಅವರ್‌ನ ಬ್ಯಾಟರಿ ಅಂದರೆ ಕಾಗದದ ಮೇಲೆ 1,800 ವ್ಯಾಟ್ ಅವರ್. ನಷ್ಟ ಎಲ್ಲ ಕಳೆದು ಕೈಗೆ ಸಿಗುವುದು ಅದಕ್ಕಿಂತ ಸಾಕಷ್ಟು ಕಮ್ಮಿ. 9 ವ್ಯಾಟಿನ ಎಲ್ಇಡಿ ಬಲ್ಬು ಎರಡೇ ಎರಡನ್ನು, ಸಂಜೆ ನಾಲ್ಕೈದು ಗಂಟೆ ಮಾತ್ರ ಉರಿಸಿದರೆ ಅದೇ ಬ್ಯಾಟರಿ ವಾರ ದಾಟುತ್ತದೆ. ಆದರೆ ಹಾಗೆ ಉರಿಸುವವರು ಯಾರು? ಮೊದಲ ರಾತ್ರಿ ಎಲ್ಲ ಕೋಣೆಗೂ ದೀಪ, ಒಂದೆರಡು ಫ್ಯಾನು, ಟಿವಿ, ವೈಫೈ. ಮಾರನೇ ಸಂಜೆ ಹೊತ್ತಿಗೆ ಅದು ಕೀಂ ಅಂತ ಕೂಗಿ ಮಲಗುತ್ತದೆ. ಮತ್ತೆ ಚಾರ್ಜ್ ಮಾಡಲು ಕರೆಂಟೇ ಬೇಕಲ್ಲ. ಇನ್ವರ್ಟರ್ ಇರುವುದು ಅರ್ಧ ದಿನದ ಕತ್ತಲೆಗೆ. ಅದನ್ನು ನಂಬಿ ಮನೆಯಲ್ಲಿದ್ದ ಲಾಟೀನು, ಬುಡ್ಡಿ ದೀಪ ಎಲ್ಲವನ್ನೂ ಗುಜರಿಗೆ ಹಾಕಿದ ಮನೆಗಳಲ್ಲಿ ಮೂರನೇ ರಾತ್ರಿ ನಿಜವಾದ ಕತ್ತಲೆ ಇರುತ್ತದೆ.

ಮೊಬೈಲಿನ ಟಾರ್ಚು ಅದಕ್ಕಿಂತ ಮೋಸ. ಕರೆಂಟು ಹೋದ ಕೆಲವು ಗಂಟೆಗೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಸಿಗ್ನಲ್ ಹುಡುಕುತ್ತಾ ಹುಡುಕುತ್ತಾ ಫೋನು ತಾನೇ ಚಾರ್ಜು ತಿನ್ನುತ್ತದೆ. ಗುಡ್ಡ ಹತ್ತಿ ಒಂದು ಕರೆ ಮಾಡಬೇಕಾದ ಹೊತ್ತಿಗೆ ಅದು ಸತ್ತಿರಬಾರದು. ನಮ್ಮಲ್ಲಿ ಮಳೆಗಾಲದ ಕಟ್ಟುನಿಟ್ಟು ಒಂದೇ: ಫೋನು ಮಾತಿಗೆ, ಬೆಳಕಿಗಲ್ಲ.

ಹಾಗಾದರೆ ಬೆಳಕಿಗೆ ಏನು? ಇಲ್ಲಿ ಜನ ನೇರ ಅಂಗಡಿಗೆ ಹೋಗಿ, ಇರುವುದರಲ್ಲೇ ಜೋರಾದ ಟಾರ್ಚು ಕೊಡಿ ಅನ್ನುತ್ತಾರೆ. ಎದುರು ಗುಡ್ಡದ ಮರ ಕಾಣುವಷ್ಟು ಜೋರು. ತಂದು ಊಟಕ್ಕೆ ಕೂತಾಗ ಅದನ್ನು ಯಾರೋ ಕೈಯಲ್ಲಿ ಹಿಡಿದಿರಬೇಕು. ಹಿಡಿದವರ ಊಟ ಹೇಗೆ? ನೆಲದ ಮೇಲಿಟ್ಟರೆ ಎದುರಿದ್ದವರ ಕಣ್ಣಿಗೆ ಹೊಡೆಯುತ್ತದೆ, ತಟ್ಟೆ ಕತ್ತಲಲ್ಲೇ ಇರುತ್ತದೆ. ಇಷ್ಟು ಸಣ್ಣ ವಿಷಯದಲ್ಲಿ ಮನೆಯ ಸಂಜೆಯೆಲ್ಲ ಹಾಳಾಗುತ್ತದೆ. ಕೂರುವ ಬೆಳಕು ಬೇರೆ, ನಡೆಯುವ ಬೆಳಕು ಬೇರೆ. ನಾಲ್ಕು ಜನ ಒಟ್ಟಿಗೆ ಕೂತು ಊಟ ಮಾಡಲು, ಮಕ್ಕಳು ಓದಲು, ಅಡಿಕೆ ಸುಲಿಯಲು, ಮಾತಾಡಲು ಬೇಕಾದದ್ದು ಒಂದೇ ಕಡೆ ಕೂತು ಸುತ್ತ ಹರಡುವ ಬೆಳಕು. ಕೊಟ್ಟಿಗೆಗೆ, ಬಚ್ಚಲಿಗೆ, ತೋಟಕ್ಕೆ ಹೋಗಲು ಬೇಕಾದದ್ದು ಕೈಯಲ್ಲಿ ಬರುವ ಬೆಳಕು. ಒಂದನ್ನು ಇನ್ನೊಂದರ ಕೆಲಸಕ್ಕೆ ಹಚ್ಚಿದರೆ ಎರಡೂ ಕೆಡುತ್ತವೆ. ಎಷ್ಟು ಬೆಳಕು ಅನ್ನುವುದಕ್ಕಿಂತ ಎಲ್ಲಿ, ಯಾರಿಗೆ ಅನ್ನುವುದೇ ಜಾಸ್ತಿ ಮುಖ್ಯ.

ಅತ್ತೆಗೆ ಕೂರುವ ಬೆಳಕು ಅಂದರೆ ಲಾಟೀನು. ಅವರ ಲಾಟೀನು ಈಗಲೂ ಉಗ್ರಾಣದ ಗಳುವಿಗೆ ನೇತಾಡುತ್ತಿದೆ. ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮುಂಚೆ, ಅದನ್ನು ಇಳಿಸಿ ಬಿಚ್ಚುತ್ತೇವೆ. ಮೊದಲು ಬುರುಡೆ, ಅಂದರೆ ಉರಿಯ ಸುತ್ತಲಿನ ಗಾಜು. ಒಣ ಬೂದಿಯನ್ನು ಹಳೇ ಹತ್ತಿ ಬಟ್ಟೆಯಲ್ಲಿ ತಗೊಂಡು ಒಳಗೆ ತಿಕ್ಕಬೇಕು, ಆಮೇಲೆ ಬಾಯಿಂದ ಹಬೆ ಊದಿ ಪೇಪರಿನಲ್ಲಿ ಒರೆಸಬೇಕು. ಮಸಿ ಕೂತ ಬುರುಡೆ ಅರ್ಧ ಬೆಳಕನ್ನು ತಾನೇ ನುಂಗುತ್ತದೆ. ಆಮೇಲೆ ಬತ್ತಿ. ಬತ್ತಿಯ ಕರಕಲು ತುದಿಯನ್ನು ಕತ್ತರಿಯಲ್ಲಿ ನೇರ ಕತ್ತರಿಸಿ, ಎರಡು ಮೂಲೆಯನ್ನು ಚೂರೇ ಚೂರು ಸವರಬೇಕು. ಸವರದೆ ಬಿಟ್ಟರೆ ಉರಿಗೆ ಎರಡು ಕೊಂಬು ಬರುತ್ತದೆ, ಕೊಂಬಿನ ತುದಿಯಿಂದ ಹೊಗೆ ಎದ್ದು ಗಾಜು ಕಪ್ಪಾಗುತ್ತದೆ. ಸರಿಯಾಗಿ ಸವರಿದ ಬತ್ತಿಯ ಉರಿ ಮೇಲೆ ಕಮಾನಿನ ಹಾಗೆ, ಒಂದೂ ಅಲುಗದೆ ನಿಲ್ಲುತ್ತದೆ. ಜಾಸ್ತಿ ಬೆಳಕು ಬೇಕು ಅಂತ ಬತ್ತಿ ಏರಿಸುವವರಿದ್ದಾರೆ. ಒಂದು ಮಟ್ಟ ದಾಟಿದ ಮೇಲೆ ಬರುವುದು ಹೊಗೆ, ಬೆಳಕಲ್ಲ.

ಲಾಟೀನಿನ ಎರಡೂ ಪಕ್ಕದಲ್ಲಿ ತಗಡಿನ ಕೊಳವೆ ಇರುತ್ತದಲ್ಲ, ಅದು ಹಿಡಿಕೆ ಸಿಕ್ಕಿಸಲು ಮಾತ್ರ ಅಂತ ನಾನು ಬಹಳ ಕಾಲ ಅಂದುಕೊಂಡಿದ್ದೆ. ನಿಜವಾಗಿ ಅದೇ ಲಾಟೀನಿನ ಜೀವ. ಮೇಲೆ ಟೊಪ್ಪಿಯ ಹತ್ತಿರ ಒಳಗೆ ಹೋದ ಗಾಳಿ ಆ ಕೊಳವೆಗಳಲ್ಲಿ ಇಳಿದು ಬತ್ತಿಯ ಬುಡಕ್ಕೆ ಬರುತ್ತದೆ. ಉರಿದ ಬಿಸಿಗಾಳಿ ಬುರುಡೆಯ ಮೇಲಿನಿಂದ ಹೋಗುತ್ತದೆ. ಗಾಳಿ ಒಳಹೋಗುವ ಬಾಯಿ, ಹೊರಬರುವ ಬಾಯಿ ಎರಡೂ ಹತ್ತಿರ ಹತ್ತಿರ ಇರುವುದರಿಂದ ಹೊರಗೆ ಬಿರುಗಾಳಿ ಬೀಸಿದರೆ ಎರಡರ ಮೇಲೂ ಒಂದೇ ಒತ್ತಡ ಬೀಳುತ್ತದೆ. ಒಳಗಿನ ಉರಿಗೆ ಅದು ಗೊತ್ತೇ ಆಗುವುದಿಲ್ಲ. ಅಮೆರಿಕದ ಜಾನ್ ಇರ್ವಿನ್ ಎಂಬವರು 19ನೇ ಶತಮಾನದಲ್ಲಿ ಮಾಡಿದ ಉಪಾಯ ಇದು. ನಮ್ಮ ಜಗಲಿಯಲ್ಲಿ ಇರಚಲು ಹೊಡೆಯುವಾಗಲೂ ಲಾಟೀನು ಆರದೆ ನಿಲ್ಲುವುದು ಇದರಿಂದಲೇ.

ಮದುವೆಮನೆಗೆ, ಯಕ್ಷಗಾನಕ್ಕೆ ಗ್ಯಾಸ್‌ಲೈಟ್ ಇತ್ತು. ಪಂಪು ಹೊಡೆದು ಸೀಮೆಎಣ್ಣೆಯನ್ನು ಆವಿ ಮಾಡಿ, ಬಲೆಯಂಥ ಮ್ಯಾಂಟಲ್ ಬೆಳ್ಳಗೆ ಬೆಳಗುವಂತೆ ಮಾಡುವ ಪೆಟ್ರೋಮ್ಯಾಕ್ಸ್. ಒಮ್ಮೆ ಉರಿದ ಮ್ಯಾಂಟಲ್ ಬರೀ ಬೂದಿಯ ಬಲೆ, ಬೆರಳು ತಾಗಿದರೆ ಪುಡಿ. ಅದರ ಭುಸ್ಸೆನ್ನುವ ಸದ್ದು ಕೇಳಿದರೆ ಅತ್ತೆಗೆ ಈಗಲೂ ಆಟದ ಚೆಂಡೆ ನೆನಪಾಗುತ್ತದೆ. ಮನೆಯೊಳಗಿನ ಕತ್ತಲೆಗೆ ಅದು ಲಾಯಕ್ಕಲ್ಲ. ಬಿಸಿ ಜಾಸ್ತಿ, ಎಣ್ಣೆ ಜಾಸ್ತಿ, ಅದರ ಸದ್ದಿಗೆ ಮಾತೇ ಕೇಳುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಲಾಟೀನನ್ನೇ ಹಚ್ಚಿ ಅಂತ ನಾನು ಹೇಳುವುದಿಲ್ಲ. ರೇಷನ್ ಅಂಗಡಿಯ ನೀಲಿ ಸೀಮೆಎಣ್ಣೆ ಮೊದಲಿನ ಹಾಗೆ ಸಿಗುವುದಿಲ್ಲ. ಮಳೆಗೆ ಕಿಟಕಿ ಬಾಗಿಲು ಎಲ್ಲ ಮುಚ್ಚಿದ ಮನೆಯಲ್ಲಿ ರಾತ್ರಿಯಿಡೀ ಉರಿಯುವ ಎಣ್ಣೆ ದೀಪದ ಹೊಗೆ ಎಳೆಯ ಮಕ್ಕಳಿಗೆ, ಉಬ್ಬಸದವರಿಗೆ ಒಳ್ಳೆಯದಲ್ಲ. ಇಲ್ಲೇ ಇನ್ನೊಂದು ಮಾತು, ದೀಪಕ್ಕಿಂತ ಕೆಂಡ ಹೆಚ್ಚು ಅಪಾಯ. ಥಂಡಿ ಅಂತ ಬಾಣಂತಿ ಕೋಣೆಯಲ್ಲಿ, ವಯಸ್ಸಾದವರ ಮಂಚದ ಹತ್ತಿರ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಹಾಕಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ.

ಈಗ ನಮ್ಮ ಊಟದ ಬೆಳಕು ಎಲ್ಇಡಿ ಲಾಟೀನು. ನೀಲಿ ಎಲ್ಇಡಿ ಮಾಡಿದ್ದಕ್ಕೆ ಜಪಾನ್ ಮೂಲದ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಬಂತು. ಆ ನೀಲಿ ಬೆಳಕು ಸಿಗದಿದ್ದರೆ ಇವತ್ತಿನ ಬಿಳಿ ಎಲ್ಇಡಿ ಇರುತ್ತಿರಲಿಲ್ಲ. ಮೊದಲಿನ ಮೂರು ಶೆಲ್ಲಿನ ಟಾರ್ಚಿನ ಬಲ್ಬು ತಾನು ತಿಂದದ್ದರಲ್ಲಿ ಬಹುಪಾಲನ್ನು ಬಿಸಿ ಮಾಡಿಯೇ ಕಳೆಯುತ್ತಿತ್ತು. ಈಗ ಅಷ್ಟೇ ಶೆಲ್ಲಿನಲ್ಲಿ ಎಷ್ಟೋ ಪಟ್ಟು ಬೆಳಕು, ಎಷ್ಟೋ ಜಾಸ್ತಿ ರಾತ್ರಿ. ಹಳ್ಳಿಮನೆಗೆ ಇದಕ್ಕಿಂತ ದೊಡ್ಡ ಉಪಕಾರ ಮಾಡಿದ ನೊಬೆಲ್ ನನಗೆ ಗೊತ್ತಿಲ್ಲ.

ಆದರೆ ಅದನ್ನೂ ಸರಿಯಾದ ಜಾಗದಲ್ಲಿ ಇಡಬೇಕು. ಟಾರ್ಚನ್ನು ಚೊಂಬಿನಲ್ಲಿ ನಿಲ್ಲಿಸಿ ಮೇಲೆ ಬೆಳಕು ಬಿಟ್ಟರೆ ಇಡೀ ಕೋಣೆಗೆ ಬೆಳಕು ಹರಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ತಾರಸಿ ಮನೆಯಲ್ಲಿ, ಬಿಳಿ ಸೀಲಿಂಗ್ ಇದ್ದರೆ ನಿಜ. ನಮ್ಮದು ಹೆಂಚಿನ ಮನೆ. ಮೇಲೆ ನೋಡಿದರೆ ವರ್ಷಾನುವರ್ಷದ ಒಲೆಯ ಹೊಗೆ ಕುಡಿದು ಕಪ್ಪಾದ ತೊಲೆ, ಪಕಾಸಿ. ಅಲ್ಲಿಗೆ ಬಿಟ್ಟ ಬೆಳಕು ವಾಪಸ್ ಬರುವುದಿಲ್ಲ. ಇಂಥ ಮನೆಯಲ್ಲಿ ಸುಣ್ಣ ಬಳಿದ ಗೋಡೆಯೇ ಗತಿ. ಗೋಡೆಯಿಂದ ಎರಡು ಮೊಳ ದೂರ, ತಲೆಗಿಂತ ಸ್ವಲ್ಪ ಎತ್ತರದಲ್ಲಿ ಟಾರ್ಚನ್ನು ಗೋಡೆಯ ಕಡೆಗೇ ತಿರುಗಿಸಿ ಗೂಟಕ್ಕೆ ಕಟ್ಟಿದರೆ, ಗೋಡೆಯೇ ದೀಪವಾಗುತ್ತದೆ. ಯಾರ ಕಣ್ಣಿಗೂ ಚುಚ್ಚುವುದಿಲ್ಲ, ಪುಸ್ತಕದ ಮೇಲೆ ಕೈಯ ನೆರಳು ಕಡು ಕಪ್ಪಾಗಿ ಬೀಳುವುದಿಲ್ಲ. ಅಡಿಗೆಮನೆಗೆ ಮಾತ್ರ ಬೇರೆ ವ್ಯವಸ್ಥೆ. ಅಲ್ಲಿ ಬೆನ್ನ ಹಿಂದೆ ದೀಪ ಇದ್ದರೆ ನಮ್ಮ ನೆರಳೇ ಪಾತ್ರೆಯೊಳಗೆ ಬೀಳುತ್ತದೆ. ಒಲೆಯ ಎದುರಿನ ಗೋಡೆಯಲ್ಲಿ, ಎಡಗೈ ಕಡೆ ಒಂದು ಸಣ್ಣ ದೀಪ ಸಾಕು.

ನಡೆಯುವ ಬೆಳಕಿಗೆ ಬಂದರೆ, ನಮ್ಮ ಕಡೆಯ ಹಿರಿಯರು ಒಣ ಸೋಗೆ ಕಟ್ಟಿ ಹಚ್ಚಿದ ಸೂಡಿ ಹಿಡಿದು ಹೋಗುತ್ತಿದ್ದದ್ದು ಹೇಗೆ ಅಂತ ನೆನಪಿಸಿಕೊಳ್ಳಿ. ಕೆಳಗೆ, ಕಾಲಿನ ಹತ್ತಿರ, ಬೀಸುತ್ತಾ. ಮೇಲೆ ಎತ್ತಿ ಹಿಡಿಯುತ್ತಿರಲಿಲ್ಲ. ಅದರ ಹಿಂದೆ ಸರಿಯಾದ ಕಾರಣ ಇದೆ. ಬೆಳಕು ಕೆಳಗಿನಿಂದ ಓರೆಯಾಗಿ ಬಿದ್ದರೆ ದಾರಿಯ ಪ್ರತಿ ಕಲ್ಲಿಗೂ, ಗುಂಡಿಗೂ ನೆರಳು ಇರುತ್ತದೆ. ನೆರಳು ಇದ್ದಾಗಲೇ ಕಣ್ಣಿಗೆ ಉಬ್ಬುತಗ್ಗು ಗೊತ್ತಾಗುವುದು. ತಲೆಗೆ ಕಟ್ಟುವ ಟಾರ್ಚು ಕೈ ಖಾಲಿ ಬಿಡುತ್ತದೆ, ಹಾಲು ಕರೆಯಲು ಅದರಷ್ಟು ಅನುಕೂಲ ಬೇರೆ ಇಲ್ಲ. ಆದರೆ ದಾರಿ ನಡೆಯುವಾಗ ಬೆಳಕು ಕಣ್ಣಿನ ಜಾಗದಿಂದಲೇ ಹೊರಟರೆ ನೆರಳೆಲ್ಲ ಕಲ್ಲಿನ ಹಿಂದೆ ಅಡಗುತ್ತದೆ. ಪಾಚಿ ಕಟ್ಟಿದ ಮೆಟ್ಟಿಲೂ, ತಗ್ಗೂ ಒಂದೇ ಸಮ ಕಾಣುತ್ತವೆ. ಮಂಜು ಕವಿದಾಗ, ಜಡಿಮಳೆಯಲ್ಲಿ ಇನ್ನೂ ಕಷ್ಟ. ಕಣ್ಣೆದುರಿನ ಪ್ರತಿ ಹನಿಯೂ ಬೆಳಕನ್ನು ಕಣ್ಣಿಗೇ ವಾಪಸ್ ಎಸೆಯುತ್ತದೆ, ಎದುರಿಗೆ ಬಿಳಿ ಪರದೆ ಬಿಟ್ಟು ಏನೂ ಕಾಣುವುದಿಲ್ಲ. ಆಗುಂಬೆ ಘಾಟಿಯಲ್ಲಿ ಮಂಜಿನೊಳಗೆ ಗಾಡಿ ಓಡಿಸಿದವರಿಗೆ ಹೈ ಬೀಮ್ ಹಾಕಿದರೆ ಏನಾಗುತ್ತದೆ ಅಂತ ಗೊತ್ತು. ಟಾರ್ಚಿಗೂ ಅದೇ ನಿಯಮ. ಸೊಂಟದ ಕೆಳಗೆ ಹಿಡಿದು, ಎರಡು ಹೆಜ್ಜೆ ಮುಂದಿನ ನೆಲಕ್ಕೆ ಬಿಡಿ. ಹಾವು ಇದ್ದರೂ ಅಲ್ಲೇ ತಾನೆ ಇರುವುದು.

ಈ ಎರಡಕ್ಕೂ ಸೇರದ ಒಂದು ಬೆಳಕು ಇದೆ, ನನಗೆ ಅದೇ ಎಲ್ಲಕ್ಕಿಂತ ಮುಖ್ಯ. ರಾತ್ರಿ ಮಲಗಿದ ಮೇಲೆ ಉಳಿಯುವ ಬೆಳಕು. ಅತ್ತೆಗೆ ರಾತ್ರಿ ಎರಡು ಸಲವಾದರೂ ಏಳಬೇಕು. ಬಚ್ಚಲು ಮನೆಗೆ ಹೊಂದಿಕೊಂಡೇ ಇದೆ, ಆದರೂ ನಡುವೆ ಒಂದು ಹೊಸಿಲು, ಒಂದು ಮೆಟ್ಟಿಲು. ವಯಸ್ಸಾದಂತೆ ಕಣ್ಣಿನ ಪಾಪೆ ಮೊದಲಿನಷ್ಟು ಅಗಲವಾಗುವುದಿಲ್ಲ, ಮಸೂರ ಮಬ್ಬಾಗಿ ಹಳದಿ ತಿರುಗುತ್ತದೆ. ನಮಗೆ ಸಾಕಾಗುವ ಬೆಳಕು ಅವರಿಗೆ ಕತ್ತಲೆಯೇ. ಹಾಗಂತ ದಿಂಬಿನ ಹತ್ತಿರ ಜೋರಾದ ಟಾರ್ಚು ಕೊಟ್ಟರೆ ಅದೂ ಸರಿಯಲ್ಲ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆ ಹತ್ತಿರ ಬೇಕು, ಒಂದು ಕ್ಷಣದ ಜೋರು ಬೆಳಕಿನಲ್ಲಿ ಆ ಹೊಂದಿಕೆ ಹೋಗಿಬಿಡುತ್ತದೆ. ಟಾರ್ಚು ಬೀಳುವ ಜಾಗ ಒಂದು ಬಿಟ್ಟು ಉಳಿದ ಕಡೆಯೆಲ್ಲ ಮೊದಲಿಗಿಂತ ಕಪ್ಪು. ಜೊತೆಗೆ ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಕೋಲು ಹಿಡಿದರೆ ಬಾಗಿಲ ಚೌಕಟ್ಟು ಹಿಡಿಯಲು ಕೈಯೇ ಇಲ್ಲ. ವಯಸ್ಸಾದವರು ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಅದು ಮನೆಯ ಕಥೆಯನ್ನೇ ಬದಲಿಸುತ್ತದೆ. ಮರ ಅಡ್ಡ ಬಿದ್ದ ರಸ್ತೆಯಲ್ಲಿ ಆಸ್ಪತ್ರೆಗೆ ಹೋಗುವುದಾದರೂ ಹೇಗೆ?

ಅದಕ್ಕೇ ಹೊಸಿಲ ಹತ್ತಿರ ಒಂದು, ಬಚ್ಚಲ ಮೆಟ್ಟಿಲ ಹತ್ತಿರ ಒಂದು, ಮೊಣಕಾಲಿನ ಎತ್ತರದಲ್ಲಿ ಮಂದ ಹಳದಿ ಎಲ್ಇಡಿ ದೀಪ ರಾತ್ರಿಯಿಡೀ ಉರಿಯಲು ಬಿಡುತ್ತೇವೆ. ಅಷ್ಟು ಮಂದದ ದೀಪಕ್ಕೆ ಶೆಲ್ಲು ಹೆಚ್ಚೇನೂ ಹೋಗುವುದಿಲ್ಲ. ಹೋದರೂ ಪರವಾಗಿಲ್ಲ. ಮನೆಯಲ್ಲಿ ಎರಡೇ ಶೆಲ್ಲು ಉಳಿದಿದ್ದರೆ ಅವು ಈ ದೀಪಕ್ಕೆ, ಊಟದ ದೀಪಕ್ಕಲ್ಲ. ಊಟವನ್ನು ಬೆಳಕಿರುವಾಗಲೇ ಮುಗಿಸಬಹುದು. ಹಳದಿ ಬೆಳಕೇ ಯಾಕೆ ಅಂದರೆ ಹುಳ ಕಮ್ಮಿ ಬರುತ್ತದೆ. ಮೊದಲ ಮಳೆಗೆ ರೆಕ್ಕೆ ಬಂದ ಗೆದ್ದಲು ಏಳುತ್ತದಲ್ಲ, ಬಿಳಿ ಎಲ್ಇಡಿ ಹಚ್ಚಿದರೆ ಸಾರಿನ ಪಾತ್ರೆ ತುಂಬ ರೆಕ್ಕೆ. ಅಂಥ ದಿನ ಅಂಗಳದ ಕಡೆ ಒಂದು ಬಿಳಿ ದೀಪ, ಅದರ ಕೆಳಗೆ ಅಗಲ ಪಾತ್ರೆಯಲ್ಲಿ ನೀರು. ಒಳಗೆ ಹಳದಿ ದೀಪ. ಹುಳಕ್ಕೂ ದಾರಿ, ನಮಗೂ ಊಟ.

ಶೆಲ್ಲಿನ ವಿಷಯ ಹೇಳದಿದ್ದರೆ ಇದೆಲ್ಲ ಸುಮ್ನೆ. ಬೇಕಾದಾಗ ಟಾರ್ಚು ಹೊತ್ತುವುದಿಲ್ಲ ಅನ್ನುವ ದೂರಿಗೆ ಮುಕ್ಕಾಲು ಪಾಲು ಕಾರಣ ಒಳಗೇ ಬಿಟ್ಟ ಶೆಲ್ಲು. ಸಾಮಾನ್ಯ ಶೆಲ್ಲಿನ ಹೊರಗಿನ ಸತುವಿನ ಡಬ್ಬಿಯೇ ಅದರ ಒಂದು ಧ್ರುವ. ಉರಿದಷ್ಟೂ ಆ ಡಬ್ಬಿ ಒಳಗಿನಿಂದ ಸವೆಯುತ್ತದೆ. ಕೊನೆಗೆ ತೂತಾಗಿ ರಸ ಹೊರಗೆ ಬರುತ್ತದೆ. ಸ್ಪ್ರಿಂಗಿನ ಮೇಲೆ ಹಸಿರು ಕಿಲುಬು, ಬಿಳಿ ಪುಡಿ ಕೂತರೆ ಟಾರ್ಚಿನ ಕಥೆ ಮುಗಿಯಿತು. ನವರಾತ್ರಿ ಹೊತ್ತಿಗೆ ಮಳೆ ಬಿಟ್ಟಾಗ ಎಲ್ಲ ಟಾರ್ಚಿನಿಂದ ಶೆಲ್ಲು ತೆಗೆದು ಬೇರೆ ಡಬ್ಬಿಯಲ್ಲಿ ಹಾಕಿ. ಚಾರ್ಜ್ ಮಾಡುವ ಎಮರ್ಜೆನ್ಸಿ ಲೈಟಿನ ರೋಗ ಬೇರೆ. ಹಳೇ ತರದವುಗಳಲ್ಲಿ ಸೀಸದ ಬ್ಯಾಟರಿ ಇರುತ್ತದೆ. ಖಾಲಿಯಾದ ಮೇಲೆ ಹಾಗೇ ಬಿಟ್ಟರೆ ಒಳಗಿನ ತಗಡಿನ ಮೇಲೆ ಸಲ್ಫೇಟು ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಚಾರ್ಜೇ ಹಿಡಿಯುವುದಿಲ್ಲ. ಬೇಸಿಗೆಯಿಡೀ ಅಟ್ಟದಲ್ಲಿ ಖಾಲಿ ಬಿದ್ದಿದ್ದ ಲೈಟು ಆರಿದ್ರಾ ಮಳೆಗೆ ಕೈಕೊಟ್ಟರೆ ಅದರ ತಪ್ಪಲ್ಲ. ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಬೇಕು. ಲಿಥಿಯಂ ಬ್ಯಾಟರಿಯವು ಹಾಗೆ ಕಾಡುವುದಿಲ್ಲ, ಅರ್ಧ ಚಾರ್ಜಿನಲ್ಲಿ ಇಟ್ಟರೂ ತಿಂಗಳುಗಟ್ಟಲೆ ಇರುತ್ತವೆ. ಆದರೂ ನಾನು ಮನೆಯಲ್ಲಿ ಅರ್ಧದಷ್ಟನ್ನಾದರೂ ಶೆಲ್ಲು ಹಾಕುವ ತರದ್ದೇ ಇಟ್ಟುಕೊಳ್ಳುತ್ತೇನೆ. ಶೆಲ್ಲು ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ, ಚಾರ್ಜು ಸಿಗುವುದಿಲ್ಲ. ಎಲ್ಲವೂ ಒಂದೇ ಅಳತೆಯ ಶೆಲ್ಲಿನದ್ದಾದರೆ ಇನ್ನೂ ಒಳ್ಳೆಯದು, ಒಂದರದ್ದು ಇನ್ನೊಂದಕ್ಕೆ ಆಗುತ್ತದೆ.

ಸೋಲಾರ್ ದೀಪ ನಮ್ಮ ಕಡೆ ಹೊಸದಲ್ಲ. ಹರೀಶ್ ಹಂದೆಯವರು 1995ರಲ್ಲಿ ಸೆಲ್ಕೋ ಎಂಬ ಸೋಲಾರ್ ಕಂಪನಿ ಶುರು ಮಾಡಿದ ಮೇಲೆ ಕರಾವಳಿ, ಮಲೆನಾಡಿನ ಎಷ್ಟೋ ಮನೆಗೆ ಮೊದಲ ಬಲ್ಬು ಬಂದದ್ದು ಸೋಲಾರಿನಿಂದ. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ಆದರೆ ವಾರಗಟ್ಟಲೆ ಸೂರ್ಯನ ಮುಖ ಕಾಣದ ಪುಷ್ಯ ಮಳೆಯಲ್ಲಿ ಫಲಕಕ್ಕೆ ಸಿಗುವುದು ಅಷ್ಟಕ್ಕಷ್ಟೆ. ದೀಪ ಸಣ್ಣದಿದ್ದು ಫಲಕ ದೊಡ್ಡದಿದ್ದರೆ ಮಾತ್ರ ಸಂಜೆ ನಡೆಯುತ್ತದೆ.

ನನ್ನನ್ನು ಬಹಳ ಕಾಡುವ ಸಂಗತಿ ಒಂದಿದೆ. 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿತು, ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಶರಾವತಿಯಲ್ಲಿ 1,035 ಮೆಗಾವ್ಯಾಟಿನ ವಿದ್ಯುದಾಗಾರ ಎದ್ದಿತು. ಅದಕ್ಕಾಗಿ ಮನೆ, ಗದ್ದೆ, ತೋಟ ಮುಳುಗಿಸಿಕೊಂಡು ಎದ್ದು ಬಂದವರು ಕಾಡಿನಂಚಿನಲ್ಲಿ, ಹಿನ್ನೀರಿನ ದಡದಲ್ಲಿ ವರ್ಷಾನುಗಟ್ಟಲೆ ಚಿಮಣಿ ದೀಪದಲ್ಲೇ ಬದುಕಿದರು. ನಾವು ಮಳೆಗಾಲದಲ್ಲಿ ಕೆಲವು ದಿನ ಪಡುವ ಪಾಡು ಅವರಿಗೆ ಇಡೀ ಬಾಲ್ಯ, ಇಡೀ ಪ್ರಾಯ. ನಾಡಿಗೆಲ್ಲ ಬೆಳಕು ಕೊಟ್ಟ ಜನಕ್ಕೇ ಬೆಳಕು ಎಷ್ಟೋ ತಡವಾಗಿ ಸಿಕ್ಕಿತು ಅನ್ನುವುದನ್ನು ಸ್ವಿಚ್ ಒತ್ತುವ ನಾವು ಮರೆಯಬಾರದು ಅಂತ ನನಗೆ ತೀವ್ರವಾಗಿ ಅನ್ನಿಸುತ್ತದೆ.

ಮರೆಯಬಾರದವರಲ್ಲಿ ಲೈನ್‌ಮನ್ ಕೂಡ ಒಬ್ಬರು. ಕರೆಂಟು ಬರಲಿಲ್ಲ ಅಂತ ಬೈಯುವಾಗ ಅವರು ಇಂಬಳ ಕಚ್ಚಿಸಿಕೊಳ್ಳುತ್ತಾ ಕಾಡಿನಲ್ಲಿ ಲೈನು ಹಿಡಿದು ನಡೆಯುತ್ತಿರುತ್ತಾರೆ. ಎಲ್ಲಿ ಮರ ಬಿದ್ದಿದೆ, ಎಲ್ಲಿ ಜಂಪ್ (ಕಂಬದ ಹತ್ತಿರ ಲೈನುಗಳನ್ನು ಜೋಡಿಸುವ ತುಂಡು ತಂತಿ) ಕಟ್ಟಾಗಿದೆ ಅಂತ ಕಂಬ ಕಂಬ ನೋಡುತ್ತಾ. ನಡೆಯುವ ಬೆಳಕು ಅವರಿಗೆ ಬೇಕಾದಷ್ಟು ಯಾರಿಗೂ ಬೇಡ. ನಮ್ಮ ಮನೆ ದಾಟಿ ಹೋಗುವಾಗ ಬಿಸಿ ಕಾಫಿಯ ಜೊತೆ ಹೊಸ ಶೆಲ್ಲು ಬೇಕಾ ಅಂತ ಕೇಳುವುದು ಅತ್ತೆಯ ಕಾಲದಿಂದ ನಡೆದು ಬಂದಿದೆ. ಅದಕ್ಕಿಂತ ದೊಡ್ಡದು ಇನ್ನೊಂದು ಮಾಡಬೇಕು. ಈಗ ಎಷ್ಟೋ ತೋಟದ ಮನೆಗಳಲ್ಲಿ ಜನರೇಟರ್ ಬಂದಿದೆ. ಹೊರಗಿನ ಲೈನಿನಿಂದ ಮನೆಯನ್ನು ಬಿಡಿಸಿ ಜನರೇಟರಿಗೆ ಸೇರಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಅದನ್ನು ಮನೆಯ ವೈರಿಂಗಿಗೆ ಸೀದಾ ಕೊಟ್ಟರೆ ಆ ಕರೆಂಟು ಮೀಟರ್ ದಾಟಿ ಹೊರಗಿನ ಲೈನಿಗೆ ಹೋಗುತ್ತದೆ. ಟಿಸಿಯಲ್ಲಿ ಉಲ್ಟಾ ಹಾಯ್ದು 11,000 ವೋಲ್ಟಿಗೆ ಏರುತ್ತದೆ. ಲೈನು ಆಫ್ ಇದೆ ಅಂತ ನಂಬಿ ಕಂಬ ಹತ್ತಿದವರ ಜೀವ ಹೋಗುತ್ತದೆ. ನಿಮ್ಮ ಮನೆಯಲ್ಲಿ ಜನರೇಟರ್ ಇದ್ದರೆ ಆ ಸ್ವಿಚ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಇಲ್ಲದಿದ್ದರೆ ಅದು ಹಾಕಿಸುವವರೆಗೆ ಜನರೇಟರ್ ಮುಟ್ಟಬೇಡಿ, ಲಾಟೀನು ಹಚ್ಚಿ.